ನೀರೇ ಮೀನಿಗೆ ಒಗ್ಗಲಿ

ಪರೀಕ್ಷೆ ಮುಗಿದ ಮೇಲೆ ಬಣ್ಣದ ಮೀನು ಕೊಡಿಸುತ್ತೇವೆಂದು ಮಕ್ಕಳಿಗೆ ಮಾತು ಕೊಟ್ಟ ತಂದೆತಾಯಂದಿರು ಉಂಟು. ಮಡಿಕೇರಿಯ ಮನೆಗೆ ಕಡಲ ಮೀನೇ ಬೇಕೆಂದರೆ ಮಂಗಳೂರಿನ ಕಡೆಯಿಂದ ಸಂಪಾಜೆ ಘಾಟಿ ಹತ್ತಿಸಿ ತರಬೇಕು. ನಾಲ್ಕು ಗಂಟೆ ಪ್ಲಾಸ್ಟಿಕ್ ಚೀಲದಲ್ಲಿ ಬದುಕಿ ಬಂದ ಮೀನು ಮರುದಿನವೇ ತೊಟ್ಟಿಯಲ್ಲಿ ಸತ್ತು ತೇಲುವುದೂ ಉಂಟು. ಮಗು ಅಳುತ್ತದೆ, ಹಿರಿಯರು ಅಂಗಡಿಯವನನ್ನು ಬಯ್ಯುತ್ತಾರೆ. ಎಷ್ಟೋ ಸಲ ತಪ್ಪು ನಮ್ಮದೇ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಮೀನಿನ ರಕ್ತದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಅದು ಕಡಲ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕಿ ಬದುಕುತ್ತದೆ. ಸುತ್ತಲಿನ ಉಪ್ಪು ಥಟ್ಟನೆ ಏರಿದರೆ ಈ ಲೆಕ್ಕ ತಪ್ಪುತ್ತದೆ.

ಹಾಗಾದರೆ ಹೊಸ ನೀರನ್ನು ಗ್ಲೂಕೋಸ್ ಡ್ರಿಪ್ಪಿನಂತೆ ಹನಿಹನಿಯಾಗಿ ಬೆರೆಸಬಹುದಲ್ಲ? ಮನೆಯ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಿಸುವಾಗ ಇದು ಸರಿ. ದೂರದಿಂದ ಬಂದ ಮೀನಿಗೆ ಅಪಾಯ. ದಾರಿಯುದ್ದಕ್ಕೂ ಮೀನು ಬಿಟ್ಟ ಅಮೋನಿಯಾ ಚೀಲದಲ್ಲಿ ಸೇರಿರುತ್ತದೆ. ಅದರ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲದ ಕಡೆಗೆ ಎಳೆದು ಆ ವಿಷವನ್ನು ಅಡಗಿಸಿಟ್ಟಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗುತ್ತದೆ, ವಿಷದ ಬಲ ಏರುತ್ತದೆ. ಗಂಟೆಗಟ್ಟಲೆ ಹನಿ ಬಿಡುತ್ತ ಕುಳಿತರೆ ಮೀನು ಆ ವಿಷದಲ್ಲೇ ಈಜಬೇಕು.

ಆದ್ದರಿಂದ ಮೊದಲು ನೀರನ್ನೇ ಮೀನಿಗೆ ಒಗ್ಗಿಸಿ. ಅಂಗಡಿಯ ತೊಟ್ಟಿಯ ನೀರಿನ ಸಾಪೇಕ್ಷ ಸಾಂದ್ರತೆ ಎಷ್ಟೆಂದು ಮುಂಚೆಯೇ ಕೇಳಿಕೊಳ್ಳಿ. ಕಡಲ ನೀರಿನದು ಸುಮಾರು 1.025, ಅಂಗಡಿಗಳಲ್ಲಿ ಕೆಲವೊಮ್ಮೆ ಇದಕ್ಕಿಂತ ಕಡಿಮೆ ಇರುತ್ತದೆ. ಹಲವು ವಾರಗಳಿಂದ ಫಿಲ್ಟರ್ ಓಡಿ ಹದಗೊಂಡ ಪುಟ್ಟ ತೊಟ್ಟಿಯೊಂದರ ನೀರನ್ನು ಅದೇ ಅಳತೆಗೆ ತನ್ನಿ. ಅಡುಗೆ ಉಪ್ಪು ಆಗದು. ಅಕ್ವೇರಿಯಂಗೆಂದೇ ಮಾರುವ ಕಡಲ ಉಪ್ಪಿನ ಮಿಶ್ರಣ ಬೇಕು. ಮಡಿಕೇರಿಯ ಚಳಿಗೆ ಹೀಟರ್ ಹಾಕಿ 25 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳಿ.

ಮೀನು ಬಂದೊಡನೆ ದೀಪ ಆರಿಸಿ, ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಡಿ. ಶಾಖ ಸಮವಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ತೊಟ್ಟಿಗೆ ಬಿಡಿ. ಚೀಲದ ನೀರನ್ನು ಚೆಲ್ಲಿಬಿಡಿ. ಆಮೇಲೆ ದಿನಕ್ಕಿಷ್ಟರಂತೆ ಉಪ್ಪನ್ನು ಏರಿಸುತ್ತ ಬನ್ನಿ. ಕೆಲವು ವಾರ ರೋಗ ಕಾಣದಿದ್ದರೆ ದೊಡ್ಡ ತೊಟ್ಟಿಗೆ ಸೇರಿಸಬಹುದು.

ಹೈಡ್ರೋಮೀಟರ್ ಹಿಡಿದು ಅಳೆದು ಬರೆದಿಡುವ ಕೆಲಸ ಮಕ್ಕಳದೇ ಆಗಲಿ. ತೊಟ್ಟಿಯ ಅಳತೆ ಸರಿಬಂದ ಮೇಲಷ್ಟೇ ಮಂಗಳೂರಿನ ಬಸ್ಸು ಹತ್ತಿ.