ಶಿಶುವಿಹಾರದ ಅಕ್ಕನ ಸಂಬಳ

ಊರಿನಲ್ಲಿ ಕೂಸನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಏಳುವುದೇ ವಿರಳ. ಅಜ್ಜಿ ಇರುತ್ತಾಳೆ, ಅತ್ತೆ ಇರುತ್ತಾಳೆ, ನೆರೆಮನೆಯ ಜಗಲಿ ಇರುತ್ತದೆ. ಹೊಟ್ಟೆಪಾಡಿಗಾಗಿ ಮುಂಬಯಿಗೋ ಪುಣೆಗೋ ದಿಲ್ಲಿಗೋ ಬಂದು ಎರಡು ಕೋಣೆಯ ಬಿಡಾರ ಹೂಡಿದ ನಮಗೆ ಈ ಮೂರೂ ಇಲ್ಲ. ತಾಯಿ ನೌಕರಿಗೆ ಹೊರಟರೆ ಕೂಸು ಯಾರ ಕೈಯಲ್ಲಿ? ಇದಕ್ಕೆ ಉತ್ತರ ಸಿಗದೆ ಕೈಗೆ ಬಂದ ಕೆಲಸ ಬಿಟ್ಟುಕೊಟ್ಟ ಸೋದರಿಯರು ನಮ್ಮ ಸಂಘದ ಬಳಗದಲ್ಲಿಯೇ ಇದ್ದಾರೆ.

ಶಿಶುವಿಹಾರಕ್ಕೆ ಕಳಿಸೋಣವೆಂದರೆ ಶುಲ್ಕ ದುಬಾರಿ. 'ಇಷ್ಟೊಂದೇ?' ಎಂದು ನಾವು ಬಾಗಿಲಲ್ಲಿ ನಿಂತು ಚೌಕಾಶಿ ಮಾಡುತ್ತೇವೆ. ಅದೇ ಬಾಗಿಲಲ್ಲಿ ಮಗುವಿನ ಕೈಹಿಡಿದು ಒಳಗೆ ಕರೆದೊಯ್ಯುವ ಅಕ್ಕನಿಗೆ ತಿಂಗಳಿಗೆ ಏನು ಸಿಗುತ್ತದೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಲೆಕ್ಕ ಸರಳವಾದದ್ದು. ಹನ್ನೆರಡು ಕೂಸುಗಳಿಗೆ ಇಬ್ಬರು ಅಕ್ಕಂದಿರೆಂದು ಹಿಡಿಯೋಣ. ಆರು ಮನೆಗಳ ಶುಲ್ಕದಲ್ಲಿ ಒಬ್ಬಳ ಸಂಬಳ ಹುಟ್ಟಬೇಕು. ಬಾಡಿಗೆ, ಹಾಲು, ದೀಪದ ಖರ್ಚೂ ಅದರಲ್ಲಿಯೇ ಹೋಗಬೇಕು. ಮನೆಯ ಮಾಲಿಕ ಕಾಯುವುದಿಲ್ಲ, ಹಾಲಿನವನೂ ಕಾಯುವುದಿಲ್ಲ. ಕಾಯುವವಳು ಅಕ್ಕ ಒಬ್ಬಳೇ. ಎಲ್ಲರೂ ತೆಗೆದುಕೊಂಡು ಉಳಿದದ್ದು ಅವಳ ಪಾಲು. ಶುಲ್ಕ ಇಳಿಸಿದರೆ ಅವಳಿಗೆ ಕಷ್ಟ, ಏರಿಸಿದರೆ ಬಡತಾಯಿಗೆ ಕಷ್ಟ. ಸಂಬಳ ಸಾಲದವಳು ಆರು ತಿಂಗಳಲ್ಲಿ ಬೇರೆ ಕೆಲಸ ಹಿಡಿಯುತ್ತಾಳೆ. ಅವಳ ಸೆರಗಿಗೆ ಒಗ್ಗಿದ ಕೂಸು ಮತ್ತೆ ಅಳಲು ತೊಡಗುತ್ತದೆ. ಆದ್ದರಿಂದ ತಾಯಿ ಮತ್ತು ಅಕ್ಕ ಇಬ್ಬರೇ ಹೊರಲಾರದ ಈ ಭಾರಕ್ಕೆ ಮೂರನೆಯ ಹೆಗಲು ಬೇಕೇ ಬೇಕು.

ಈ ಸತ್ಯವನ್ನು ಹಿಂದೆಯೇ ಕಂಡವರುಂಟು. ತಾರಾಬಾಯಿ ಮೋಡಕರು 1945ರಲ್ಲಿ ಮುಂಬಯಿಗೆ ಉತ್ತರದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಮಕ್ಕಳು ಬಾರದಿದ್ದಾಗ ಅವರ ಅಂಗಳಕ್ಕೇ ಪಾಠವನ್ನು ಒಯ್ದರು. ಮುಂದೆ ಅನುತಾಯಿ ವಾಘರೊಡನೆ ಕೋಸಬಾಡದಲ್ಲಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದುಗೂಡಿಸಿದರು. ತಮ್ಮನನ್ನು ಕಂಕುಳಲ್ಲಿ ಹೊತ್ತು ಮನೆಯಲ್ಲುಳಿಯುತ್ತಿದ್ದ ಹುಡುಗಿಗೂ ಇದರಿಂದ ಶಾಲೆಯ ದಾರಿ ತೆರೆಯಿತು. ದಿಲ್ಲಿಯಲ್ಲಿ ಮೀರಾ ಮಹಾದೇವನ್ ಅವರು 1969ರಲ್ಲಿ ಕಟ್ಟಡ ಕೆಲಸದ ಸ್ಥಳದಲ್ಲಿಯೇ ಕೂಲಿಕಾರರ ಕೂಸುಗಳಿಗೆ ನೆರಳು ಕಲ್ಪಿಸಿದರು.

ಸರಕಾರವೂ ಸುಮ್ಮನಿರಲಿಲ್ಲ. 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಅಂಗನವಾಡಿ ಯೋಜನೆ ಆರಂಭವಾಯಿತು, ನಮ್ಮ ಟಿ. ನರಸೀಪುರವೂ ಅವುಗಳಲ್ಲೊಂದು. ಆದರೆ ಅಲ್ಲಿಯ ಕಾರ್ಯಕರ್ತೆಗೆ ಕೊಡುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಅದು ಗೌರವಧನ. ಗೌರವ ಬಹಳ, ಧನ ಸ್ವಲ್ಪ! 2018ರ ಅಕ್ಟೋಬರಿನಲ್ಲಿ ಕೇಂದ್ರವು ಅದನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. ಇವರಿಗೆ ಗ್ರಾಚ್ಯುಟಿಯ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2022ರ ಏಪ್ರಿಲಿನಲ್ಲಿ. ಅಷ್ಟು ಹೊತ್ತಿಗೆ ಯೋಜನೆಗೆ 46 ವರ್ಷ ತುಂಬಿತ್ತು.

ಮಾಲಿಕರ ಹೊಣೆಯೂ ಉಂಟು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಗೃಹವಿರಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಕೂಸನ್ನು ನೋಡಿಬರಲು ಅವಕಾಶವಿರಬೇಕು ಎಂದು 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿಯಾಯಿತು. ನಮ್ಮ ಕಚೇರಿಯಲ್ಲಿ ಅದು ಎಲ್ಲಿದೆ ಎಂದು ಕೇಳಲು ಸಂಕೋಚವೇಕೆ? ತಾಯಂದಿರಷ್ಟೇ ಅಲ್ಲ, ತಂದೆಯರೂ ಕೇಳಲಿ.

ಇನ್ನು ನಮ್ಮ ಪಾಲಿನ ಕೆಲಸ. ಸಂಘದ ಸಭಾಂಗಣ ಭಾನುವಾರ ನಾಟಕಕ್ಕೂ ಹರಟೆಗೂ ತುಂಬಿರುತ್ತದೆ. ವಾರದ ಹಗಲೆಲ್ಲ ಅದಕ್ಕೆ ಬೀಗ. ಆ ಬೀಗ ತೆಗೆದು ಕೂಸುಗಳಿಗೆ ಜಾಗ ಕೊಟ್ಟರೆ ಬಾಡಿಗೆಯ ಹೊರೆ ಇಳಿಯುತ್ತದೆ. ಉಳಿದ ಹಣ ಅಕ್ಕನ ಸಂಬಳಕ್ಕೆ ಸೇರಲಿ, ವರ್ಷಕ್ಕಿಷ್ಟು ಸಂಬಳದ ರಜೆಯೂ ಸಿಗಲಿ. ಅವಳಿಗೆ ಕನ್ನಡ ಬಂದರೆ ಮಕ್ಕಳ ಬಾಯಲ್ಲಿ ತಾಯ್ನುಡಿಯೂ ಉಳಿದೀತು. ಆದರೆ ಭಾಷಾಭಿಮಾನದ ಹೆಸರಿನಲ್ಲಿ ಅವಳಿಂದ ಪುಕ್ಕಟೆ ದುಡಿಸುವುದು ಬೇಡ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಮಾತನ್ನು ಎತ್ತಲಿದ್ದೇವೆ. ಕೂಸಿರುವ ಮನೆಯವರೂ, ಮಕ್ಕಳನ್ನು ನೋಡಿಕೊಂಡು ಅನುಭವವುಳ್ಳ ಸೋದರಿಯರೂ ಬಂದು ತಮ್ಮ ಮಾತು ಹೇಳಬೇಕೆಂದು ಕೋರುತ್ತೇವೆ. ಕೂಸನ್ನು ಕರೆತರಲು ಸಂಕೋಚ ಬೇಡ. ಅಂದು ಅದೂ ಸಭಾಸದನೇ.