ಯಜಮಾನ ಯಾರು?

ಮರಾಠಿ ಪತ್ರಿಕೆಗಳ ಕ್ರೀಡಾಪುಟವನ್ನು ಓದುವ ನಮ್ಮ ವಿದ್ಯಾರ್ಥಿಗಳು ಒಂದು ಪದವನ್ನು ಗಮನಿಸಿರಬಹುದು. ಯಾರ ಊರಿನಲ್ಲಿ ಪಂದ್ಯ ನಡೆಯುತ್ತದೆಯೋ ಆ ತಂಡ ಅಲ್ಲಿ ‘ಯಜಮಾನ ಸಂಘ’. ಪಂದ್ಯವನ್ನು ನಡೆಸಿಕೊಡುವ ಹೊಣೆ ‘ಯಜಮಾನಪದ’. ಬಂದವರನ್ನು ಎದುರುಗೊಂಡು, ನೀರು ಕೊಟ್ಟು, ಕೂರಿಸುವವನು ಯಜಮಾನ. ಕನ್ನಡದಲ್ಲಿ ಆ ಅರ್ಥಕ್ಕೆ ನಾವು ‘ಆತಿಥೇಯ’ ಎಂದು ಬರೆಯುತ್ತೇವೆ. ಯಜಮಾನ ಎಂದರೆ ನಮಗೆ ಮನೆಯ ಒಡೆಯ, ತಿಜೋರಿಯ ಕೀಲಿ ಇಟ್ಟುಕೊಂಡವನು. (ಹೆಂಡತಿಯಾದವಳು ಗಂಡನನ್ನು ‘ಯಜಮಾನರು’ ಎನ್ನುವುದು ಎರಡೂ ಭಾಷೆಗಳಲ್ಲಿದೆ, ಆ ವಿಚಾರ ಇಲ್ಲಿ ಬೇಡ.) ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿಯೂ ಮುಂದೆ ಮರಾಠಿಯಲ್ಲಿಯೂ ಕಲಿತ ನನಗೆ ಈ ಇಬ್ಬರು ಯಜಮಾನರ ನಡುವಿನ ಅಂತರ ಬಾಲ್ಯದಿಂದಲೇ ಪರಿಚಿತ. ಅದು ಅಮೆರಿಕದ ಕಾಲೇಜು ಫುಟ್‌ಬಾಲನ್ನು ತಿಳಿಯಲು ನೆರವಾದೀತೆಂದು ಮಾತ್ರ ಎಣಿಸಿರಲಿಲ್ಲ.

ನಮ್ಮ ವಿಭಾಗದ ಹಳೆಯ ವಿದ್ಯಾರ್ಥಿಯೊಬ್ಬ ಡೆಟ್ರಾಯಿಟ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಒಂದು ಡಿಸೆಂಬರಿನಲ್ಲಿ ಅಲ್ಲಿಯ ಫೋರ್ಡ್ ಫೀಲ್ಡ್ ಕ್ರೀಡಾಂಗಣದಲ್ಲಿ ಕಾಲೇಜು ತಂಡಗಳ ಅಂತಿಮ ಪಂದ್ಯ ನೋಡಿ ಬಂದು ದೂರವಾಣಿಯಲ್ಲಿ ಹೇಳಿದ: “ಸರ್, ಮದುವೆ ಮಂಟಪ ಭಾರೀ ದೊಡ್ಡದು, ಬೀಗರು ಮಾತ್ರ ಬಂದಿಲ್ಲ ಅನ್ನಿಸಿತು.” ಆ ಮಾತಿನ ಬೆನ್ನು ಹಿಡಿದು ಓದುತ್ತ ಹೋದವನಿಗೆ ಸಿಕ್ಕಿದ್ದು ಕೇವಲ ಆಟದ ವಿಷಯವಲ್ಲ.

ಇದು ನಾವು ಬಲ್ಲ ಫುಟ್‌ಬಾಲ್ ಅಲ್ಲ; ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿಯ ವಿಶ್ವವಿದ್ಯಾಲಯಗಳು ಒಕ್ಕೂಟಗಳಾಗಿ ಸೇರಿಕೊಂಡಿವೆ. ‘ಕಾನ್ಫರೆನ್ಸ್’ ಎಂಬುದು ಅವರ ಮಾತು. ಶರತ್ಕಾಲವಿಡೀ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿ ಆಡುತ್ತಾರೆ. ಡಿಸೆಂಬರಿನ ಆರಂಭದಲ್ಲಿ, ಉಳಿದ ಎರಡು ತಂಡಗಳ ನಡುವೆ ಒಕ್ಕೂಟದ ಪಟ್ಟಕ್ಕಾಗಿ ಒಂದು ಪಂದ್ಯ. ಅದು ಎಲ್ಲಿ ನಡೆಯಬೇಕು? ದೊಡ್ಡ ಒಕ್ಕೂಟಗಳ ಉತ್ತರ: ಇಬ್ಬರಿಗೂ ಸೇರದ ಮಹಾನಗರದ ಕ್ರೀಡಾಂಗಣದಲ್ಲಿ, ವರ್ಷಗಳ ಮೊದಲೇ ಒಪ್ಪಂದ ಮಾಡಿಕೊಂಡು. ನನ್ನ ಅಭಿಪ್ರಾಯ: ಹೆಚ್ಚು ಗೆದ್ದ ತಂಡದ ಸ್ವಂತ ಅಂಗಳದಲ್ಲಿ.

ಈ ಪದ್ಧತಿ ಅಷ್ಟೇನೂ ಹಳೆಯದಲ್ಲ. ಹನ್ನೆರಡು ಸದಸ್ಯರಿದ್ದು ಎರಡು ಪಂಗಡಗಳಾಗಿ ಆಡುವ ಒಕ್ಕೂಟ ಕೊನೆಗೊಂದು ಹೆಚ್ಚಿನ ಪಂದ್ಯ ನಡೆಸಬಹುದೆಂಬ ನಿಯಮವೊಂದಿತ್ತು. ಅದನ್ನು ದಕ್ಷಿಣದ ಸೌತ್‌ಈಸ್ಟರ್ನ್ ಒಕ್ಕೂಟ ಬಳಸಿಕೊಂಡಿತು. ಅರ್ಕನ್ಸಾ, ಸೌತ್ ಕ್ಯಾರೊಲಿನಾಗಳನ್ನು ಸೇರಿಸಿಕೊಂಡು 1992ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಲೀಜನ್ ಫೀಲ್ಡ್‌ನಲ್ಲಿ ಮೊದಲ ಪಟ್ಟದ ಪಂದ್ಯ ಆಡಿಸಿತು. ಅಲಬಾಮಾ ತಂಡ ಫ್ಲೋರಿಡಾವನ್ನು 28-21ರಿಂದ ಸೋಲಿಸಿತು. ಈ ಬರ್ಮಿಂಗ್‌ಹ್ಯಾಮ್ ಇರುವುದು ಅಲಬಾಮಾ ರಾಜ್ಯದಲ್ಲೇ. ಆ ತಂಡ ತನ್ನ ಎಷ್ಟೋ ‘ಮನೆಯ’ ಪಂದ್ಯಗಳನ್ನು ಆಗ ಅದೇ ಮೈದಾನದಲ್ಲಿ ಆಡುತ್ತಿತ್ತು. 1994ರಲ್ಲಿ ಪಂದ್ಯ ಅಟ್ಲಾಂಟಾಕ್ಕೆ ಹೋಯಿತು, ಇಂದಿಗೂ ಅಲ್ಲಿಯೇ ಇದೆ. ಅಟ್ಲಾಂಟಾ ಜಾರ್ಜಿಯಾ ರಾಜ್ಯದ ರಾಜಧಾನಿ. ಅದೇ ಒಕ್ಕೂಟದ ಜಾರ್ಜಿಯಾ ವಿಶ್ವವಿದ್ಯಾಲಯ ಅಲ್ಲಿಂದ ಎಪ್ಪತ್ತು ಮೈಲಿ ಆಚೆಗೆ, ಅಥೆನ್ಸ್ ಎಂಬ ಪಟ್ಟಣದಲ್ಲಿದೆ. ಜಾರ್ಜಿಯಾ ಅಂತಿಮಕ್ಕೆ ಬಂದ ವರ್ಷಗಳಲ್ಲಿ ‘ತಟಸ್ಥ ಮೈದಾನ’ ಎಂಬ ಹೆಸರಿಗೆ ಏನು ಅರ್ಥ?

ತಟಸ್ಥ ಎಂಬ ಪದವನ್ನೇ ಒಡೆದು ನೋಡಿ: ತಟದಲ್ಲಿ ನಿಂತವನು. ಹೊಳೆಗಿಳಿಯದೆ ದಡದಲ್ಲಿ ನಿಂತು ನೋಡುವವನು. ವ್ಯಕ್ತಿಗೆ ಅದು ಸಾಧ್ಯ, ತೀರ್ಪುಗಾರನಿಗೆ ಅಗತ್ಯ. ಊರಿಗೆ ಸಾಧ್ಯವಿಲ್ಲ. ಪ್ರತಿ ಊರೂ ಯಾರಿಗೋ ಹತ್ತಿರ, ಯಾರಿಗೋ ದೂರ.

ಇದಕ್ಕೆ ಅಲ್ಲಿಯ ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದ ಕಥೆ ಒಳ್ಳೆಯ ಸಾಕ್ಷಿ. 2011ರಲ್ಲಿ ಪಟ್ಟದ ಪಂದ್ಯ ಆರಂಭಿಸಿದಾಗ ಅವರು ಸರಿಯಾದ ದಾರಿಯನ್ನೇ ಹಿಡಿದಿದ್ದರು: ಹೆಚ್ಚು ಗೆದ್ದವರ ಅಂಗಳದಲ್ಲಿ ಪಂದ್ಯ. ಮೊದಲ ವರ್ಷ ಯೂಜೀನ್ ಪಟ್ಟಣದಲ್ಲಿ ಆರೆಗನ್, ಮರುವರ್ಷ ಸ್ಟ್ಯಾನ್‌ಫರ್ಡ್, ಮೂರನೆಯ ವರ್ಷ ಅರಿಜೋನಾ ಸ್ಟೇಟ್ ಯಜಮಾನರಾದರು. 2014ರಲ್ಲಿ ಸಾಂಟಾ ಕ್ಲಾರಾದಲ್ಲಿ ಹೊಸದಾಗಿ ಕಟ್ಟಿದ ಲೀವೈಸ್ ಕ್ರೀಡಾಂಗಣಕ್ಕೆ ಪಂದ್ಯವನ್ನು ಒಯ್ದರು. ಆ ವರ್ಷ ಆಡಿದವರು ಆರೆಗನ್ ಮತ್ತು ಅರಿಜೋನಾ. ಯೂಜೀನ್‌ನಿಂದ ಅಲ್ಲಿಗೆ ಐದುನೂರು ಮೈಲಿಗೂ ಹೆಚ್ಚು. ಅರಿಜೋನಾದ ಟೂಸಾನ್‌ನಿಂದ ಇನ್ನೂ ದೂರ. ತಂಡ ಅಂತಿಮಕ್ಕೆ ಬಂದದ್ದು ಖಚಿತವಾಗಿ, ಪಂದ್ಯ ನಡೆಯುವುದರೊಳಗೆ ಸಿಗುವುದು ಹೆಚ್ಚೆಂದರೆ ಕೆಲವು ದಿನ. ಡಿಸೆಂಬರ್ ಎಂದರೆ ಪರೀಕ್ಷೆಯ ಕಾಲ. ಯಾವ ವಿದ್ಯಾರ್ಥಿ ಹೋದಾನು? ಮುಂದಿನ ವರ್ಷಗಳಲ್ಲಿ ಅಲ್ಲಿಯ ಖಾಲಿ ಆಸನಗಳೇ ಸುದ್ದಿಯಾದವು. 2021ರಿಂದ ಪಂದ್ಯ ಲಾಸ್ ವೇಗಸ್‌ಗೆ ಹೋಯಿತು. 2024ರ ಹೊತ್ತಿಗೆ ಹತ್ತು ಸದಸ್ಯರು ಒಕ್ಕೂಟವನ್ನೇ ತೊರೆದರು. ತೊರೆದದ್ದಕ್ಕೆ ಕಾರಣ ದೂರದರ್ಶನದ ಹಣ, ಮೈದಾನವಲ್ಲ. ಆದರೆ ಎರಡೂ ನಿರ್ಣಯಗಳ ಹಿಂದಿದ್ದ ಮನೋಧರ್ಮ ಒಂದೇ ಎಂದು ನನ್ನ ಶಂಕೆ.

ಎದುರು ಪಕ್ಷದ ವಾದಗಳನ್ನು ಅಲ್ಲಗಳೆಯಲಾರೆ. ಸಣ್ಣ ಪಟ್ಟಣಗಳಲ್ಲಿ ವಸತಿಗೃಹಗಳು ಸಾಲವು. ಉತ್ತರದ ರಾಜ್ಯಗಳಲ್ಲಿ ಡಿಸೆಂಬರಿನ ಹಿಮ ಬೀಳುವಾಗ ಮಾಡಿನ ಕೆಳಗಿನ ಕ್ರೀಡಾಂಗಣ ಹಿತ; ಬಿಗ್ ಟೆನ್ ಒಕ್ಕೂಟ 2011ರಿಂದ ಇಂಡಿಯಾನಾಪೊಲಿಸ್‌ನ ಲೂಕಾಸ್ ಆಯಿಲ್ ಕ್ರೀಡಾಂಗಣವನ್ನು ಹಿಡಿದಿರುವುದಕ್ಕೆ ಇದೂ ಒಂದು ಸಮರ್ಥನೆ. ಎಲ್ಲಕ್ಕಿಂತ ಗಟ್ಟಿಯಾದದ್ದು ನ್ಯಾಯದ ವಾದ: ತನ್ನ ಜನರ ನಡುವೆ ಆಡುವವನಿಗೆ ಅನುಕೂಲ. 2024ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯ ಮೊದಲ ಸುತ್ತನ್ನು ವಿಶ್ವವಿದ್ಯಾಲಯಗಳ ಅಂಗಳದಲ್ಲೇ ಆಡಿಸಿದಾಗ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಯಜಮಾನರೇ ಗೆದ್ದರು. ಒಪ್ಪಿದೆ. ಆದರೆ ಆ ಅನುಕೂಲ ಆಕಾಶದಿಂದ ಬಿದ್ದದ್ದಲ್ಲ, ಮೂರು ತಿಂಗಳು ಗೆದ್ದು ಗಳಿಸಿದ್ದು. ಅಟ್ಲಾಂಟಾದಲ್ಲಿ ಜಾರ್ಜಿಯಾಕ್ಕೆ ಸಿಗುವ ಅನುಕೂಲವನ್ನು ಗಳಿಸಿಕೊಟ್ಟವರು ಯಾರು? ಭೂಪಟ.

ದೊಡ್ಡ ಅಂಗಳ ಬೇಕೆಂಬ ವಾದವಂತೂ ನಿಲ್ಲುವುದೇ ಇಲ್ಲ. ಬಿಗ್ ಟೆನ್‌ನ ಮಿಶಿಗನ್, ಪೆನ್ ಸ್ಟೇಟ್, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳ ಸ್ವಂತ ಕ್ರೀಡಾಂಗಣಗಳಲ್ಲಿ ತಲಾ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಇಂಡಿಯಾನಾಪೊಲಿಸ್‌ನ ಮಾಡಿನ ಕೆಳಗೆ ಎಪ್ಪತ್ತು ಸಾವಿರವೂ ಇಲ್ಲ.

ಒಂದು ಮಾತನ್ನು ತಟಸ್ಥ ಮೈದಾನದ ಪರವಾಗಿಯೇ ಹೇಳಬೇಕು. ನಾರ್ತ್ ಕ್ಯಾರೊಲಿನಾ ರಾಜ್ಯ 2016ರಲ್ಲಿ, ಲಿಂಗಪರಿವರ್ತಿತರು ಸಾರ್ವಜನಿಕ ಶೌಚಾಲಯ ಬಳಸುವುದಕ್ಕೆ ನಿರ್ಬಂಧ ಹೇರುವ ಕಾಯಿದೆ ಮಾಡಿತು. ಆಗ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟ ತನ್ನ ಪಟ್ಟದ ಪಂದ್ಯವನ್ನು ಆ ರಾಜ್ಯದ ಶಾರ್ಲಟ್‌ನಿಂದ ಫ್ಲೋರಿಡಾದ ಒರ್ಲ್ಯಾಂಡೊಗೆ ಸಾಗಿಸಿತು. ಕಾಯಿದೆ ರದ್ದಾದ ಬಳಿಕ ಮರುವರ್ಷ ಪಂದ್ಯ ಮರಳಿತು. ಸ್ಥಳವನ್ನು ಆರಿಸುವುದು ಎಂದರೆ ಯಾರ ಮನೆಯ ಹೊಸ್ತಿಲು ತುಳಿಯುತ್ತೇವೆ ಎಂದು ಹೇಳುವುದು. ಅದನ್ನು ಆ ಒಕ್ಕೂಟ ಅರಿತಿತ್ತು. ಅರಿತವರೇ ಉಳಿದ ವರ್ಷಗಳಲ್ಲಿ ಸ್ಥಳವೆಂದರೆ ಬರಿಯ ಆಸನ, ಬಾಡಿಗೆ, ಜಾಹೀರಾತು ಎನ್ನುವುದೇಕೆ?

ಸಣ್ಣ ಒಕ್ಕೂಟಗಳಲ್ಲಿ ಹಲವು ಈಗಲೂ ಹಳೆಯ ಕ್ರಮಕ್ಕೆ ನಿಷ್ಠವಾಗಿವೆ. 2021ರಲ್ಲಿ ಸಿನ್ಸಿನಾಟಿ ತಂಡ ಹ್ಯೂಸ್ಟನ್ ತಂಡವನ್ನು ಬರಮಾಡಿಕೊಂಡದ್ದು ತನ್ನ ಆವರಣದ ನಟ್ಟನಡುವೆ, ಪಾಠದ ಕಟ್ಟಡಗಳು ಸುತ್ತುವರಿದ ನಿಪರ್ಟ್ ಕ್ರೀಡಾಂಗಣದಲ್ಲಿ. ಮರುವರ್ಷ ಟುಲೇನ್ ತನ್ನ ನ್ಯೂ ಆರ್ಲಿಯನ್ಸ್ ಅಂಗಳದಲ್ಲಿ ಸೆಂಟ್ರಲ್ ಫ್ಲೋರಿಡಾವನ್ನು 45-28ರಿಂದ ಸೋಲಿಸಿತು. ಅಲ್ಲಿಯ ಹುಡುಗ ವಸತಿಗೃಹದಿಂದ ನಡೆದು ಹೋಗಿ ಪಟ್ಟ ನೋಡಿ, ರಾತ್ರಿ ಓದಲು ಮರಳಿ ಬರಬಲ್ಲ.

ಇದರ ಬೆಲೆ ನನಗೆ ಗೊತ್ತು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಕಬಡ್ಡಿ ತಂಡ ಅಂತಿಮಕ್ಕೆ ಬಂದಿತು. ‘ಎಲ್ಲರಿಗೂ ಸಮ’ ಎಂದು ಪಂದ್ಯವನ್ನು ಜಿಲ್ಲಾಸ್ಥಳದಲ್ಲಿ ಇಟ್ಟರು. ಆಟಗಾರರ ಜೊತೆ ಎಸ್.ಟಿ. ಟಿಕೇಟಿಗೆ ಹಣವಿದ್ದ ನಾಲ್ಕು ಜನ ಹೋದೆವು. ಗೆದ್ದೆವು. ಕೊನೆಯ ಗಾಡಿಯಲ್ಲಿ ಮರಳಿದಾಗ ಊರು ಮಲಗಿತ್ತು.

ಇದಕ್ಕೆ ವಿರುದ್ಧವಾದ ನೆನಪೂ ನಮ್ಮ ಸೀಮೆಗಿದೆ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆಯಿತು, ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ. ಅದು ಎಲ್ಲರಿಗೂ ಸಮದೂರದ ಊರಾಗಿರಲಿಲ್ಲ; ಮೈಸೂರಿನವರಿಗೆ ಬಹಳ ದೂರ. ಆದರೂ ಬಂದರು. ಆರು ವರ್ಷಗಳ ತರುವಾಯ ರಾಜ್ಯದ ಗಡಿ ನಮ್ಮನ್ನು ಈಚೆಗೆ ಬಿಟ್ಟಿತು, ಆದರೆ ಒಮ್ಮೆ ಯಜಮಾನರಾಗಿದ್ದೆವೆಂಬುದನ್ನು ಅದು ಅಳಿಸಲಿಲ್ಲ.

ಅಮೆರಿಕದ ಒಕ್ಕೂಟಗಳಿಗೆ ನನ್ನ ಸಲಹೆ ತಲುಪುವುದಿಲ್ಲ, ಇದ್ದರೂ ಬರೆದಿಡುತ್ತೇನೆ. ಮೊದಲ ಸ್ಥಾನದ ತಂಡಕ್ಕೆ ಪಂದ್ಯ ಕೊಡಲಿ, ಬಂದವರ ವಿದ್ಯಾರ್ಥಿಗಳಿಗೆ, ವಾದ್ಯವೃಂದಕ್ಕೆ ನಿಶ್ಚಿತ ಪಾಲಿನ ಆಸನ ತೆಗೆದಿಡಲಿ. ನಮ್ಮ ವಿಭಾಗದ ಅಂತರಕಾಲೇಜು ಭಾಷಣ ಸ್ಪರ್ಧೆಯನ್ನು ಬರುವ ವರ್ಷ ಎಲ್ಲಿ ನಡೆಸಬೇಕೆಂಬ ಪ್ರಶ್ನೆ ಮುಂದಿನ ಸಭೆಯಲ್ಲಿದೆ. ಈ ಸಲ ಗೆದ್ದ ಹುಡುಗಿಯ ಕಾಲೇಜಿನಲ್ಲಿ ನಡೆಯಲಿ ಎಂಬುದು ನನ್ನ ಮತ. ಅಲ್ಲಿ ಸಭಾಭವನವಿಲ್ಲ ಎಂದು ಕೆಲವರು ಈಗಾಗಲೇ ಹೇಳಿದ್ದಾರೆ. ಅಂಗಳವಿದೆ, ಬೇವಿನ ಮರವಿದೆ; ಪೆಂಡಾಲಿನ ಖರ್ಚನ್ನು ವಿಚಾರಿಸಿ ಇಟ್ಟಿದ್ದೇನೆ.