ಅಜ್ಜನ ಕೋವಿಗೆ ಕನ್ನಡದಲ್ಲಿ ಹೇಳಿದವರಾರು?

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನಿಂದ ಬೆಂಗಳೂರಿಗೆ ಬಂದು ರೂಮು ಮಾಡಿಕೊಂಡಿರುವ ಗೆಳೆಯರೇ, ಊರಿನ ಮನೆಯಲ್ಲಿ ಅಜ್ಜನ ಕೋವಿ ಇದೆಯೇ? ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಅದು. ಅದೂ ಅಜ್ಜನ ಹೆಸರಿನದು, ನಿಮ್ಮದಲ್ಲ. ರಜೆಯಲ್ಲಿ ಅದನ್ನು ಜೀಪಿಗೆ ಹಾಕಿಕೊಂಡು ಕಾಡು ಸುತ್ತಿ ಫೋಟೋ ಹೊಡೆಸಿಕೊಳ್ಳುವ ಷೋಕಿ ಇದ್ದರೆ ಸ್ವಲ್ಪ ನಿಲ್ಲಿ.

ಅರಕಲಗೂಡು ದಾಟಿ ಸೋಮವಾರಪೇಟೆ ಕಡೆ ಹೋದರೆ 1987ರಿಂದ ಪುಷ್ಪಗಿರಿ ವನ್ಯಧಾಮ. ಚನ್ನರಾಯಪಟ್ಟಣದಿಂದ ಬೆಂಗಳೂರು ರಸ್ತೆ ಹಿಡಿದರೆ ಬೆಳ್ಳೂರು ಕ್ರಾಸ್ ಹತ್ತಿರವೇ ಆದಿಚುಂಚನಗಿರಿ ನವಿಲುಧಾಮ. ಹೊಳೆನರಸೀಪುರದವರು ಪುಳಿಯೋಗರೆ ತಿನ್ನಲು ಹೋಗುವ ಮೇಲುಕೋಟೆಯಲ್ಲೂ 1974ರಿಂದ ವನ್ಯಧಾಮವಿದೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು ನೋಡಿ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಮೊದಲೇ ಇಲ್ಲದೆ ಆಯುಧದೊಂದಿಗೆ ವನ್ಯಧಾಮದೊಳಗೆ ಕಾಲಿಡುವಂತಿಲ್ಲ. ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಕ್ಕೂ ಇದೇ ಮಾತು. ಗುಂಡು ಹಾರಿಸಬೇಕಿಲ್ಲ ಸ್ವಾಮಿ, ಹೊತ್ತು ಒಳಗೆ ಹೋದರೆ ಸಾಕು! ಆಯುಧವೆಂದರೆ ಕೋವಿ ಮಾತ್ರವಲ್ಲ. ತೋಟಾ, ಚಾಕು, ಬಲೆ, ಉರುಳು ಎಲ್ಲವೂ ಆ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 2022ರ ತಿದ್ದುಪಡಿಯ ನಂತರ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಶಿಕ್ಷೆಯಾದರೆ ಕೋರ್ಟು ಶಸ್ತ್ರ ಲೈಸೆನ್ಸನ್ನೂ ರದ್ದು ಮಾಡಬಹುದು. ನಿಮ್ಮ ಷೋಕಿಗೆ ಅಜ್ಜನ ಕೋವಿ ಮುಟ್ಟುಗೋಲು. ಹಂದಿ ಬಂದು ಮುಸುಕಿನ ಜೋಳ ಮುಕ್ಕುವಾಗ ಆತ ತಗಡು ಬಡಿಯುತ್ತ ಕೂರಬೇಕು.

ಪಕ್ಕದ ಕೊಡವರಿಗೆ ವಿನಾಯಿತಿ ಇದೆಯಲ್ಲ ಎನ್ನುತ್ತೀರಿ. ಅದು ಶಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ, ವನ್ಯಧಾಮಕ್ಕೆ ರಹದಾರಿಯಲ್ಲ. ಅಮೆರಿಕದಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ಕಾನೂನು ಒಪ್ಪಿದರೆ ರಾಷ್ಟ್ರೀಯ ಉದ್ಯಾನದೊಳಕ್ಕೂ ಕೋವಿ ಒಯ್ಯಬಹುದು. ಆ ವಿಡಿಯೋ ನೋಡಿ ಇಲ್ಲಿ ಮೀಸೆ ತಿರುವಬೇಡಿ.

ಇನ್ನು ಸರ್ಕಾರಕ್ಕೆ ಒಂದು ಮಾತು. 34ನೇ ಕಲಮಿನ ಪ್ರಕಾರ ವನ್ಯಧಾಮ ಘೋಷಣೆಯಾದ ಮೂರು ತಿಂಗಳೊಳಗೆ ಸುತ್ತಲಿನ 10 ಕಿಲೋಮೀಟರಿನಲ್ಲಿ ಕೋವಿ ಇಟ್ಟುಕೊಂಡವರೆಲ್ಲ ಹೆಸರು ನೋಂದಾಯಿಸಬೇಕು. ವಿನಾಯಿತಿ ಇದ್ದವರೂ ಸೇರಿ. ಇದನ್ನು ಯಾವ ಊರಿನಲ್ಲಿ ತಮಟೆ ಹೊಡೆದು ಸಾರಿದಿರಿ? ಕನ್ನಡ ಆಡಳಿತ ಭಾಷೆಯಾದದ್ದು 1963ರ ಕಾಯ್ದೆಯಿಂದ. ಕೋವಿ ಹಿಡಿದ ರೈತನಿಗೆ ಅವನ ನುಡಿಯಲ್ಲಿ ಹೇಳದೆ ಕೇಸು ಹಾಕುವುದು ಯಾವ ನ್ಯಾಯ?

ಲೈಸೆನ್ಸ್ ನವೀಕರಣಕ್ಕೆ ಅಜ್ಜನನ್ನು ಡಿಸಿ ಆಫೀಸಿಗೆ ಕರೆದುಕೊಂಡು ಹೋಗುವವರು ನೀವೇ ತಾನೆ? ಈ ಎರಡು ಕಲಮುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಲೈಸೆನ್ಸಿನ ಜೊತೆ ಕೊಡಿ ಎಂದು ಕೇಳಿ. ಕೊಡುವವರೆಗೆ ಕಿಟಕಿ ಬಿಟ್ಟು ಕದಲಬೇಡಿ.